ಗ್ರಾಫ್ ಒಳಗೆ ಇಳಿದು ನೋಡಿ: ಮಾಡೆಲ್ ಡಿಬಗ್ ಮಾಡುವವರಿಗೆ ಯಶಸ್ಸಿನ ಸೂತ್ರಗಳು

ರಾತ್ರಿ ಹನ್ನೊಂದು ಗಂಟೆ. ಭಾಲ್ಕಿಯ ಹಾಸ್ಟೆಲ್ ರೂಮು. ಚೆನ್ನಾಗಿ ಇಳಿಯುತ್ತಿದ್ದ ಲಾಸ್ ಇದ್ದಕ್ಕಿದ್ದಂತೆ ‘ನ್ಯಾನ್’ ಎಂದು ತೋರಿಸುತ್ತಿದೆ. ಲರ್ನಿಂಗ್ ರೇಟ್ ಬದಲಿಸಿದಿರಿ, ಮತ್ತೆ ಓಡಿಸಿದಿರಿ. ಮತ್ತೆ ನ್ಯಾನ್. ‘ಇದು ನಮ್ಮಂಥವರ ಕೈಲಾಗುವ ಕೆಲಸ ಅಲ್ಲ’ ಎಂಬ ಮಾತು ಬಾಯಿಗೆ ಬಂತು. ಆ ಮಾತು ಬರೀ ರೂಢಿ. ಇವತ್ತೇ ಬಿಡಿ.

ಒಂದು ಭಾನುವಾರ ಬೀದರ್‌ನ ನೌಬಾದ್‌ಗೆ ಹೋಗಿ ಬನ್ನಿ. ಅಲ್ಲಿ ಬಹಮನಿ ಕಾಲದ ಕರೇಜ್ ಇದೆ, ನಮ್ಮ ಜನ ಸುರಂಗ ಬಾವಿ ಅನ್ನುತ್ತಾರೆ. ನೀರು ಹರಿಯುವುದು ನೆಲದಡಿಯ ಸುರಂಗದಲ್ಲಿ. ಮೇಲೆ ನಿಂತವನಿಗೆ ಏನೂ ಕಾಣದು. ಅದಕ್ಕೇ ಕಟ್ಟಿದವರು ಸುರಂಗದುದ್ದಕ್ಕೂ ಅಲ್ಲಲ್ಲಿ ನೆಟ್ಟಗೆ ಬಾವಿ ತೋಡಿದರು. ಗಾಳಿ, ಬೆಳಕು ಅಲ್ಲಿಂದಲೇ. ಹೂಳು ಎತ್ತಲು ಮನುಷ್ಯ ಇಳಿಯುವುದೂ ಅಲ್ಲಿಂದಲೇ.

ಕಂಪ್ಯುಟೇಶನ್ ಗ್ರಾಫ್ ಇಂಥದ್ದೇ ಸುರಂಗ. ಗುಣಾಕಾರ, ಕೂಡಿಕೆ, ಲಾಗ್, ಸಾಫ್ಟ್‌ಮ್ಯಾಕ್ಸ್ ಒಂದೊಂದೂ ಒಂದು ನೋಡ್. ಅವುಗಳ ನಡುವೆ ಹರಿಯುವುದು ಟೆನ್ಸರ್. ಲೈಬ್ರರಿ ಬರೆದವರೂ ಇಳಿಯುವ ಬಾವಿಗಳನ್ನು ಬಿಟ್ಟೇ ಇದ್ದಾರೆ. ಅವು ಎಲ್ಲೆಲ್ಲಿವೆ ಎಂದು ಗೊತ್ತುಮಾಡಿಕೊಳ್ಳಿ.

1. ಎರರ್ ಮೆಸೇಜನ್ನು ಕೊನೆಯ ಸಾಲಿನಿಂದ ಓದಿ.
ಕೆಂಪು ಅಕ್ಷರ ಕಂಡ ಕೂಡಲೇ ಟ್ಯಾಬ್ ಮುಚ್ಚಬೇಡಿ. ‘32x512 ಮತ್ತು 256x10 ಗುಣಿಸಲಾಗದು’ ಎಂದು ಪೈಟಾರ್ಚ್ ಹೇಳಿದರೆ ಅರ್ಧ ಉತ್ತರ ಅಲ್ಲೇ ಇದೆ. 32 ನಿಮ್ಮ ಬ್ಯಾಚ್. 512 ಬಂದಿದೆ, ಲೇಯರ್ 256 ಕೇಳುತ್ತಿದೆ. ಟೆನ್ಸರ್‌ಫ್ಲೋ ಆದರೆ ತಪ್ಪಿದ ನೋಡ್‌ನ ಹೆಸರನ್ನೂ, ಅದು ನಿಮ್ಮ ಕೋಡ್‌ನ ಯಾವ ಸಾಲಿನಲ್ಲಿ ಹುಟ್ಟಿತು ಎಂಬುದನ್ನೂ ತೋರಿಸುತ್ತದೆ. ಲೇಯರ್‌ಗಳಿಗೆ ನೀವೇ ಹೆಸರಿಡಿ. ಆಗ ಆ ಹೆಸರೇ ನಿಮಗೆ ಸಿಗುತ್ತದೆ.

2. ಗ್ರಾಫ್ ಯಾವಾಗ ಹುಟ್ಟುತ್ತದೆ ಎಂದು ತಿಳಿಯಿರಿ.
2015ರಲ್ಲಿ ಹೊರಬಂದ ಟೆನ್ಸರ್‌ಫ್ಲೋದಲ್ಲಿ ಮೊದಲು ಗ್ರಾಫ್ ಕಟ್ಟಬೇಕಿತ್ತು, ಆಮೇಲೆ ಸೆಷನ್‌ನಲ್ಲಿ ಓಡಿಸಬೇಕಿತ್ತು. ಪ್ರಿಂಟ್ ಹಾಕಿದರೆ ಟೆನ್ಸರ್‌ನ ಹೆಸರು, ಆಕಾರ ಬರುತ್ತಿತ್ತು. ಒಳಗಿನ ಬೆಲೆ ಬರುತ್ತಿರಲಿಲ್ಲ. ಪೈಟಾರ್ಚ್ ಲೆಕ್ಕ ಮಾಡುತ್ತಲೇ ಗ್ರಾಫ್ ಕಟ್ಟುತ್ತದೆ. 2019ರ ಟೆನ್ಸರ್‌ಫ್ಲೋ 2.0 ಕೂಡ ಈ ದಾರಿಗೇ ಬಂತು. ಆದರೆ ‘ಟಿಎಫ್ ಫಂಕ್ಷನ್’ ಎಂಬ ಡೆಕೊರೇಟರ್ ಹಾಕಿದ ಕೂಡಲೇ ಹಳೆಯ ಸುರಂಗ ಮತ್ತೆ ತೆರೆಯುತ್ತದೆ. ಅಲ್ಲಿ ಪೈಥಾನ್‌ನ ಪ್ರಿಂಟ್ ಟ್ರೇಸಿಂಗ್ ಹೊತ್ತಿಗೆ ಮಾತ್ರ ಓಡುತ್ತದೆ. ನೂರು ಸ್ಟೆಪ್ ಆದರೂ ಒಂದೇ ಸಾಲು ಬಂತೆಂದು ತಲೆ ಕೆಡಿಸಿಕೊಳ್ಳುವವರು ತುಂಬ ಜನ. ಪ್ರತಿ ಸ್ಟೆಪ್‌ನಲ್ಲಿ ಬೆಲೆ ಬೇಕೇ? ಟೆನ್ಸರ್‌ಫ್ಲೋದ ಸ್ವಂತ ಪ್ರಿಂಟ್ ಬಳಸಿ. ಜ್ಯಾಕ್ಸ್ ಆದರೆ ಅದರ ಡಿಬಗ್ ಪ್ರಿಂಟ್ ಬಳಸಿ.

3. ವೇಗ ಆಮೇಲೆ. ಮೊದಲು ಗ್ರಾಫ್ ಬಿಚ್ಚಿ ಓಡಿಸಿ.
ಟೆನ್ಸರ್‌ಫ್ಲೋದಲ್ಲಿ ‘ರನ್ ಫಂಕ್ಷನ್ಸ್ ಈಗರ್ಲಿ’ಯನ್ನು ಟ್ರೂ ಮಾಡಿ. ಜ್ಯಾಕ್ಸ್‌ನಲ್ಲಿ ಜಿಟ್ ನಿಲ್ಲಿಸಿ. ಪೈಟಾರ್ಚ್‌ನಲ್ಲಿ 2023ರಿಂದ ಬಂದ ಕಂಪೈಲ್ ಸಾಲನ್ನು ಕಾಮೆಂಟ್ ಮಾಡಿ. ಈಗ ಬ್ರೇಕ್‌ಪಾಯಿಂಟ್ ಹಾಕಿ, ಒಂದೊಂದೇ ಸಾಲು ದಾಟಿ. ಒಂದು ಎಚ್ಚರಿಕೆ: ಟೆನ್ಸರ್‌ಫ್ಲೋದ ಡೇಟಾ ಪೈಪ್‌ಲೈನ್ ಈ ಸ್ವಿಚ್‌ಗೆ ಬಗ್ಗುವುದಿಲ್ಲ, ಅದಕ್ಕೆ ಬೇರೆ ಡಿಬಗ್ ಮೋಡ್ ಇದೆ.

4. ನ್ಯಾನ್ ಹುಟ್ಟಿದ ಜಾಗ ಹಿಡಿಯಿರಿ.
ಲಾಸ್‌ನಲ್ಲಿ ಕಂಡ ನ್ಯಾನ್ ಅಲ್ಲೇ ಹುಟ್ಟಿರುವುದು ಅಪರೂಪ. ಮೇಲಿನಿಂದ ಹರಿದು ಬಂದಿರುತ್ತದೆ. ಮೊದಲು ಇನ್‌ಪುಟ್ ನೋಡಿ. ಔರಾದ ತಾಲ್ಲೂಕಿನ ಮಳೆಯ ಅಂಕಿ, ಉದ್ದು-ಹೆಸರಿನ ದರ ಇಟ್ಟುಕೊಂಡು ಪ್ರಾಜೆಕ್ಟ್ ಮಾಡುತ್ತಿದ್ದೀರಾ? ಫೈಲ್‌ನಲ್ಲಿ ಒಂದು ಖಾಲಿ ಕೋಶ ಸಾಕು, ಅದು ನ್ಯಾನ್ ಆಗಿ ಒಳಗೆ ಹೋಗುತ್ತದೆ.

ಇನ್‌ಪುಟ್ ಸರಿ ಇದ್ದರೆ ನೋಡ್‌ಗಳತ್ತ ಬನ್ನಿ. ಸೊನ್ನೆಯ ಲಾಗ್ ತೆಗೆದರೆ ಮೈನಸ್ ಇನ್‌ಫಿನಿಟಿ. ಅದನ್ನು ಸೊನ್ನೆಯಿಂದ ಗುಣಿಸಿದರೆ ನ್ಯಾನ್. ಫ್ಲೋಟ್ 16ರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 65504. ಅದನ್ನು ಮೀರಿದರೆ ಇನ್‌ಫಿನಿಟಿ. ಸಾಫ್ಟ್‌ಮ್ಯಾಕ್ಸ್ ಮತ್ತು ಲಾಗನ್ನು ಬೇರೆಬೇರೆ ಬರೆಯಬೇಡಿ, ಎರಡನ್ನೂ ಸೇರಿಸಿ ಮಾಡುವ ಫಂಕ್ಷನ್ ಬಳಸಿ. ಅದು ಈ ಗುಂಡಿ ತಪ್ಪಿಸಲೆಂದೇ ಇದೆ.

ಟೂಲ್‌ಗಳ ಹೆಸರು ಬರೆದಿಟ್ಟುಕೊಳ್ಳಿ. ಟೆನ್ಸರ್‌ಫ್ಲೋದಲ್ಲಿ ‘ಎನೇಬಲ್ ಚೆಕ್ ನ್ಯೂಮೆರಿಕ್ಸ್’: ನ್ಯಾನ್ ಅಥವಾ ಇನ್‌ಫಿನಿಟಿ ಹುಟ್ಟಿದ ಮೊದಲ ನೋಡ್‌ನಲ್ಲೇ ಪ್ರೋಗ್ರಾಂ ನಿಲ್ಲುತ್ತದೆ. ಪೈಟಾರ್ಚ್‌ನಲ್ಲಿ ‘ಸೆಟ್ ಡಿಟೆಕ್ಟ್ ಅನಾಮಲಿ’: ಹಿಮ್ಮುಖ ಲೆಕ್ಕದಲ್ಲಿ ನ್ಯಾನ್ ಬಂದರೆ, ಅದಕ್ಕೆ ಕಾರಣವಾದ ಮುಮ್ಮುಖ ಸಾಲನ್ನೇ ತೋರಿಸುತ್ತದೆ. ಜ್ಯಾಕ್ಸ್‌ನಲ್ಲಿ ‘ಡಿಬಗ್ ನ್ಯಾನ್ಸ್’. ಮೂರೂ ವೇಗ ತಗ್ಗಿಸುತ್ತವೆ. ಕೆಲಸ ಮುಗಿದ ಮೇಲೆ ಆರಿಸಿ.

5. ಗ್ರೇಡಿಯಂಟ್ ಕಡಿದ ಜಾಗ ಹುಡುಕಿ.
ಲಾಸ್ ಇಳಿಯುತ್ತಲೇ ಇಲ್ಲವೇ? ಬ್ಯಾಕ್‌ವರ್ಡ್ ಆದ ಮೇಲೆ ಎಲ್ಲ ಪ್ಯಾರಾಮೀಟರ್‌ಗಳ ಹೆಸರು, ಗ್ರೇಡಿಯಂಟ್ ಪ್ರಿಂಟ್ ಮಾಡಿ. ‘ನನ್’ (None, ನ್ಯಾನ್ ಅಲ್ಲ) ಎಂದು ಬಂದ ಕಡೆ ನೀರು ಮುಟ್ಟಿಲ್ಲ. ನಡುವೆ ಎಲ್ಲೋ ಡಿಟ್ಯಾಚ್ ಮಾಡಿದ್ದೀರಿ, ಇಲ್ಲವೇ ಟೆನ್ಸರನ್ನು ನಂಪೈಗೆ ತಿರುಗಿಸಿ ಹೊಸ ಟೆನ್ಸರ್ ಮಾಡಿದ್ದೀರಿ. ಪೈಟಾರ್ಚ್‌ನಲ್ಲಿ ಗ್ರೇಡಿಯಂಟ್ ಹರಿಯುವ ಪ್ರತಿ ಫಲಿತಕ್ಕೂ ‘ಗ್ರಾಡ್ ಎಫ್‌ಎನ್’ ಇರುತ್ತದೆ. ಅದರ ‘ನೆಕ್ಸ್ಟ್ ಫಂಕ್ಷನ್ಸ್’ ಹಿಡಿದು ಹಿಂದೆ ಹಿಂದೆ ನಡೆಯಿರಿ, ದಾರಿ ಎಲ್ಲಿ ನಿಲ್ಲುತ್ತದೋ ತಪ್ಪು ಅಲ್ಲಿದೆ. ನಡುವಿನ ಟೆನ್ಸರ್‌ನ ಗ್ರೇಡಿಯಂಟ್ ತಾನಾಗಿ ಉಳಿಯುವುದಿಲ್ಲ. ‘ರಿಟೇನ್ ಗ್ರಾಡ್’ ಕರೆಯಿರಿ, ಇಲ್ಲವೇ ಹುಕ್ ಹಾಕಿ. ನನ್ನ ಮಟ್ಟಿಗೆ ಹುಕ್ ಎಂದರೆ ನೌಬಾದ್‌ನ ಬಾವಿಯೇ. ಬೇಕಾದ ಜಾಗದಲ್ಲಿ ತೋಡಿ, ಹರಿಯುವುದನ್ನು ಕಣ್ಣಾರೆ ನೋಡಿ.

6. ಎಂಟೇ ಫೋಟೋ ಕೊಟ್ಟು ಪರೀಕ್ಷಿಸಿ.
ತೊಗರಿ ಎಲೆಯ ರೋಗ ಗುರುತಿಸುವ ಮಾಡೆಲ್ ಎಂದುಕೊಳ್ಳಿ. ಎಂಟು ಫೋಟೋ ಕೊಟ್ಟು ಅವನ್ನೇ ನೂರಾರು ಸಲ ಓಡಿಸಿ. ಎಂಟನ್ನೂ ಬಾಯಿಪಾಠ ಮಾಡಲಾಗದ ಮಾಡೆಲ್ ಎಂಟು ಸಾವಿರವನ್ನು ಕಲಿಯದು. ಲಾಸ್ ಸೊನ್ನೆಯ ಹತ್ತಿರ ಬರದಿದ್ದರೆ ಮೊದಲ ಅನುಮಾನ ಕೋಡ್ ಮೇಲಿರಲಿ. ಇದಕ್ಕೆ ಜಿಪಿಯು ಬೇಡ, ಹಳೆಯ ಲ್ಯಾಪ್‌ಟಾಪ್ ಸಾಕು. ‘ನಮ್ಮೂರಲ್ಲಿ ಜಿಪಿಯು ಇಲ್ಲ’ ಎಂಬ ನೆಪ ಇಲ್ಲಿಗೆ ಮುಗಿಯಿತು.

7. ಜಿಪಿಯು ತೋರಿಸಿದ ಸಾಲನ್ನು ನಂಬಬೇಡಿ.
ಜಿಪಿಯು ಕೆಲಸ ಹಿಂದೆ ನಡೆಯುತ್ತಿರುತ್ತದೆ, ಪೈಥಾನ್ ಮುಂದೆ ಓಡಿರುತ್ತದೆ. ಎರರ್ ಬಂದ ಸಾಲು ಬೇರೆ, ತಪ್ಪಾದ ಸಾಲು ಬೇರೆ. ಅದೇ ಕೋಡನ್ನು ಸಿಪಿಯು ಮೇಲೆ ಓಡಿಸಿ. ಹತ್ತು ವರ್ಗಕ್ಕೆ 0ರಿಂದ 9ರವರೆಗೆ ಲೇಬಲ್ ಇರಬೇಕಾದಲ್ಲಿ 10 ಕೊಟ್ಟಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ.

8. ದಾಖಲೆ ಉಳಿಸಿ.
ಕರೆಂಟ್ ಹೋಗುತ್ತದೆ, ಕೋಲ್ಯಾಬ್ ಸೆಷನ್ ಕಡಿಯುತ್ತದೆ. ಟೆನ್ಸರ್‌ಬೋರ್ಡ್ ಲಾಗ್‌ಗಳನ್ನು ಡ್ರೈವ್‌ಗೆ ಬರೆಯಿರಿ.

9. ಕನ್ನಡದಲ್ಲಿ ಅರ್ಥಮಾಡಿಕೊಳ್ಳಿ, ಆಮೇಲೆ ಇಂಟರ್‌ವ್ಯೂಗೆ ಹೋಗಿ.
ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದರು. ಅವರ ಊರಿನ ಮಕ್ಕಳು ‘ಇಂಗ್ಲಿಷ್ ಬರಲ್ಲ’ ಎಂದು ಹಿಂಜರಿಯುವುದು ನನಗೆ ಸಹಿಸದು. ಹಿಡಿದ ಪ್ರತಿ ಬಗ್‌ಗೂ ನಾಲ್ಕು ಸಾಲು ಬರೆಯಿರಿ: ಏನು ಕಂಡಿತು, ಯಾವ ನೋಡ್, ಏಕೆ ಆಯಿತು, ಸರಿಯಾಯಿತೆಂದು ಹೇಗೆ ಗೊತ್ತಾಯಿತು. ಗೆಳೆಯರಿಗೆ ಕನ್ನಡದಲ್ಲೇ ಜೋರಾಗಿ ಹೇಳಿ. ಹೈದರಾಬಾದ್‌ನಲ್ಲೋ ಬೆಂಗಳೂರಿನಲ್ಲೋ ಎದುರು ಕೂತವರು ಕೇಳುವುದು ಈ ನಾಲ್ಕು ಸಾಲನ್ನೇ. ವಿಷಯ ಗಟ್ಟಿಯಿದ್ದರೆ ಇಂಗ್ಲಿಷ್ ವಾಕ್ಯ ಅದರ ಹಿಂದೆ ಬರುತ್ತದೆ.

10. ಇವತ್ತು ಮಲಗುವ ಮುಂಚೆ ಇದನ್ನು ಮಾಡಿ.
ಪೈಟಾರ್ಚ್ ತೆರೆಯಿರಿ. ಎಕ್ಸ್ ಎಂಬ ಟೆನ್ಸರ್‌ಗೆ 0.0 ಕೊಡಿ, ಗ್ರೇಡಿಯಂಟ್ ಬೇಕು ಎನ್ನಿ. ಅದರ ವರ್ಗಮೂಲ ತೆಗೆದು ಸೊನ್ನೆಯಿಂದ ಗುಣಿಸಿ. ಉತ್ತರ 0, ಎಲ್ಲ ಸರಿಯಾಗಿಯೇ ಕಾಣುತ್ತದೆ. ಈಗ ಬ್ಯಾಕ್‌ವರ್ಡ್ ಕರೆದು ಗ್ರೇಡಿಯಂಟ್ ನೋಡಿ: ನ್ಯಾನ್. ಅನಾಮಲಿ ಮೋಡ್ ಹಾಕಿ ಮತ್ತೆ ಮೊದಲಿನಿಂದ ಓಡಿಸಿ. ವರ್ಗಮೂಲದ ಹಿಮ್ಮುಖ ಲೆಕ್ಕವೇ ನ್ಯಾನ್ ಕೊಟ್ಟಿತು ಎಂದು ಹೆಸರು ಹಿಡಿದು ಹೇಳುತ್ತದೆ, ನೀವು ವರ್ಗಮೂಲ ಬರೆದ ಸಾಲನ್ನೂ ತೋರಿಸುತ್ತದೆ. ಅಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲಾಗಿದೆ. ಏಕೆಂದು ಕಾಗದದ ಮೇಲೆ ಬಿಡಿಸಿ. ನಂತರ ಎಕ್ಸ್‌ಗೆ 4.0 ಕೊಟ್ಟು ನೋಡಿ.