ಇಂಟರ್‌ಫೆರಾನ್: ನೆರೆಕೋಶಕ್ಕೊಂದು ಎಚ್ಚರಿಕೆ

ವೈರಸ್ಸು ಹೊಕ್ಕ ಜೀವಕೋಶವು ತನ್ನ ನೆರೆಯ ಕೋಶಗಳನ್ನು ಎಚ್ಚರಿಸುವುದು ಹೇಗೆಂಬುದನ್ನು ನೋಡೋಣ. ಅಂತಹ ಕೋಶವು ಹೊರಸೂಸುವ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಐಸಾಕ್ಸ್ ಮತ್ತು ಲಿಂಡೆನ್‌ಮಾನ್ ಎಂಬ ವಿಜ್ಞಾನಿಗಳು 1957ರಲ್ಲಿ ಲಂಡನ್ನಿನಲ್ಲಿ ಗುರುತಿಸಿದರು.

ಸಂದೇಶವನ್ನು ಮುಟ್ಟಿಸಲು ಇಂಟರ್‌ಫೆರಾನ್ ತಾನೇ ಕೋಶಕೇಂದ್ರದವರೆಗೆ ಹೋಗಬೇಕಾಗಿಲ್ಲ. ಅದು ನೆರೆಕೋಶದ ಹೊರಪೊರೆಯಲ್ಲಿರುವ ಎರಡು ಗ್ರಾಹಕ ಪ್ರೋಟೀನುಗಳನ್ನು ಒಂದುಗೂಡಿಸುತ್ತದೆ. ಆಗ ಗ್ರಾಹಕಗಳ ಒಳಭಾಗಕ್ಕೆ ಅಂಟಿಕೊಂಡಿರುವ ‘ಜ್ಯಾಕ್’ ಕಿಣ್ವಗಳು ಚುರುಕುಗೊಂಡು, ‘ಸ್ಟ್ಯಾಟ್’ ಎಂಬ ಪ್ರೋಟೀನುಗಳಿಗೆ ಫಾಸ್ಫೇಟನ್ನು ಸೇರಿಸುತ್ತವೆ. ಇವು ಜೋಡಿಗೂಡಿ ಕೋಶಕೇಂದ್ರವನ್ನು ಹೊಕ್ಕು, ವೈರಸ್ಸಿನ ವೃದ್ಧಿಯನ್ನು ತಡೆಯುವ ಜೀನುಗಳನ್ನು ಕಾರ್ಯಪ್ರವೃತ್ತಗೊಳಿಸುತ್ತವೆ.

ಗ್ರಾಹಕವೇ ಕೆಟ್ಟಿದ್ದರೆ ಇಂಟರ್‌ಫೆರಾನ್ ಎಷ್ಟಿದ್ದರೂ ವ್ಯರ್ಥವೇ ಸರಿ. ಹುಟ್ಟಿನಿಂದಲೇ ಈ ದೋಷವುಳ್ಳ ಮಕ್ಕಳು ಅತಿ ವಿರಳ. ಆದರೆ ಅಂತಹವರಲ್ಲಿ ಕೆಲವರಿಗೆ, ನಮ್ಮೆಲ್ಲರನ್ನೂ ಕಾಯುವ ದಡಾರದ ಜೀವಂತ ಲಸಿಕೆಯೇ ಪ್ರಾಣಾಪಾಯವನ್ನು ತಂದುದುಂಟು.