ಮನೆ ನಿಮ್ಮದು, ಬೀಗದ ಕೈ ಅವರದು

ಮೈಸೂರಿನಲ್ಲಿ ನಿಮ್ಮದೊಂದು ಮನೆಯಿದೆ. ನೀವು ಇಲ್ಲಿ ಕೆನಡಾದ ಪಿಕರಿಂಗ್‌ನಲ್ಲಿ ಹಿಮ ಬಾಚುತ್ತಿದ್ದೀರಿ. ಅಲ್ಲಿ ಬಾಡಿಗೆ ವಸೂಲಿ, ಸುಣ್ಣಬಣ್ಣ, ಕಂದಾಯ ಎಲ್ಲ ದೂರದ ಸಂಬಂಧಿಯೊಬ್ಬರ ಕೈಯಲ್ಲಿ. ಷೇರು ಇಟ್ಟುಕೊಂಡವರ ಸ್ಥಿತಿಯೂ ಇಷ್ಟೇ. ದುಡ್ಡು ಹಾಕಿದವರು ಲಕ್ಷಾಂತರ ಜನ, ಕಂಪನಿ ನಡೆಸುವವರು ನಿರ್ದೇಶಕ ಮಂಡಳಿಯ ಹತ್ತು ಹನ್ನೆರಡು ಮಂದಿ. ಅವರಿಂದ ಲೆಕ್ಕ ಕೇಳುವ ಏರ್ಪಾಡಿಗೇ ಕಾರ್ಪೊರೇಟ್ ಆಡಳಿತ ಎಂಬ ಭಾರಿ ಹೆಸರು.

ಅಪ್ಪನ ಷೇರುಗಳು ಕೈಗೆ ಬಂದವರು ಮೊದಲು ಕೇಳುವುದು ಬೆಲೆ. ನಾನು ಮೊದಲು ಹೇಳುವುದು ಸತ್ಯಂ ಕಥೆ. ಹೈದರಾಬಾದಿನ ಈ ಕಂಪನಿ 2008ರ ಡಿಸೆಂಬರ್ 16ರಂದು ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು ಕೊಳ್ಳುವುದಾಗಿ ಸಾರಿತು. ಸತ್ಯಂ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಮೇಟಾಸ್. ಆ ಎರಡಕ್ಕೂ ಇದ್ದ ನಂಟು ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬದ್ದು. ನಿಮ್ಮ ಸಂಬಂಧಿ ನಿಮ್ಮದೇ ಬಾಡಿಗೆ ದುಡ್ಡಿಗೆ ತನ್ನ ಮಗನ ಸೈಟನ್ನು ನಿಮಗೆ ಗಂಟುಹಾಕಿದ ಹಾಗೆ! ಕಂಪನಿಯ ಜೊತೆ ಬೇರೆ ನಂಟಿಲ್ಲದ, ಸ್ವತಂತ್ರ ಎನ್ನುವ ನಿರ್ದೇಶಕರಿದ್ದ ಮಂಡಳಿ ಒಪ್ಪಿಯೂ ಬಿಟ್ಟಿತ್ತು. ಷೇರುದಾರರು ರೇಗಿದ್ದರಿಂದ ಕೆಲವೇ ಗಂಟೆಗಳಲ್ಲಿ ಕೈಬಿಟ್ಟರು. ಮೂರು ವಾರ ಕಳೆದು, 2009ರ ಜನವರಿ 7ರಂದು, ರಾಜು ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ್ದ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ. ಆಡಿಟರು ಸಹಿ ಹಾಕಿದ್ದ ಲೆಕ್ಕ ಅದು.

1956ರ ಕಂಪನಿ ಕಾಯ್ದೆ ಸಾಲದೆಂಬ ಮಾತು ಮೊದಲೇ ಇತ್ತು. ಇನ್ಫೋಸಿಸ್‌ನ ನಾರಾಯಣ ಮೂರ್ತಿ ಸಮಿತಿ 2003ರಲ್ಲೇ ಷೇರುಪೇಟೆಯ ನಿಯಂತ್ರಕ ಸೆಬಿಗೆ ವರದಿ ಕೊಟ್ಟಿತ್ತು. ಪೆಟ್ಟು ಬಿದ್ದ ಮೇಲೆ ಬಂದದ್ದು 2013ರ ಕಂಪನಿ ಕಾಯ್ದೆ. ಷೇರುಪೇಟೆಯಲ್ಲಿರುವ ಕಂಪನಿಯ ಮಂಡಳಿಯಲ್ಲಿ ಮೂರನೇ ಒಂದು ಪಾಲು ಸ್ವತಂತ್ರ ನಿರ್ದೇಶಕರು ಬೇಕು. ಸಂಬಂಧಿಗಳ ಜೊತೆ ದೊಡ್ಡ ವ್ಯವಹಾರಕ್ಕೆ ಷೇರುದಾರರ ಒಪ್ಪಿಗೆ ಬೇಕು, ಅದರ ಪರವಾಗಿ ಸಂಬಂಧಪಟ್ಟವರೇ ವೋಟು ಹಾಕುವಂತಿಲ್ಲ. ಒಂದೇ ಆಡಿಟ್ ಸಂಸ್ಥೆ ಹತ್ತು ವರ್ಷಕ್ಕಿಂತ ಹೆಚ್ಚು ಕೂರುವಂತಿಲ್ಲ. ನನಗೆ ಮೆಚ್ಚು ಈ ಕೊನೆಯದೇ: ವರ್ಷಗಟ್ಟಲೆ ಒಂದೇ ಮನೆಯ ಕಾಫಿ ಕುಡಿದವರಿಗೆ ಆ ಮನೆಯ ಹುಳುಕು ಕಾಣುವುದು ಕಷ್ಟ.

ಸ್ವತಂತ್ರ ನಿರ್ದೇಶಕರ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಹೆಚ್ಚಿನ ವೋಟು ಒಂದೇ ಕುಟುಂಬದ ಕೈಯಲ್ಲಿದ್ದರೆ ಅವರನ್ನು ಆರಿಸುವವರು ಯಾರು? ಇದು ಬಡದೇಶದ ಕಾಯಿಲೆ ಎಂದು ಮೂಗು ಮುರಿಯಬೇಡಿ. ನಾವು ತಿಂಗಳು ತಿಂಗಳು ಫೋನ್ ಬಿಲ್ಲು ಕಟ್ಟುವ ಟೊರಾಂಟೊದ ರೋಜರ್ಸ್‌ನಲ್ಲಿ, 2021ರಲ್ಲಿ, ಎಡ್ವರ್ಡ್ ರೋಜರ್ಸ್ ತಮ್ಮ ಕುಟುಂಬದ ಟ್ರಸ್ಟಿನ ವೋಟಿನ ಬಲದಿಂದ ಐದು ಸ್ವತಂತ್ರ ನಿರ್ದೇಶಕರನ್ನು ಷೇರುದಾರರ ಸಭೆಯನ್ನೂ ಕರೆಯದೆ ಬದಲಿಸಿದರು. ಕೋರ್ಟೂ ಅದು ಸರಿಯೆಂದಿತು.

ಇನ್ನು ನಿಮ್ಮ ಪಾಲಿನ ಕೆಲಸ. ಕಾಗದದ ಷೇರುಪತ್ರ ಅಮ್ಮನ ಬೀರುವಿನಲ್ಲಿ ಸೀರೆಗಳ ನಡುವೆ ಇದ್ದರೆ ಡಿಮ್ಯಾಟ್ ಮಾಡಿಸಿ, ಅಂದರೆ ಎಲೆಕ್ಟ್ರಾನಿಕ್ ರೂಪಕ್ಕೆ ಬದಲಿಸಿ. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದೆ ಬಿಟ್ಟರೆ ಷೇರೇ ಸರ್ಕಾರದ ನಿಧಿಗೆ ಹೋಗುತ್ತದೆ; ಬಿಡಿಸಿಕೊಳ್ಳಬಹುದು, ಆದರೆ ಅರ್ಜಿ, ದಾಖಲೆಗಳೆಂದು ಅಲೆದಾಟ. ವಾರ್ಷಿಕ ಸಭೆಗೆ ವಿಮಾನ ಹತ್ತಬೇಕಿಲ್ಲ, ಆನ್‌ಲೈನ್ ವೋಟು ಇದೆ. ಸಭೆಯ ಹಿಂದಿನ ದಿನ ಭಾರತದ ಸಂಜೆ ಐದಕ್ಕೆ ಮುಗಿಯುತ್ತದೆ. ಬೇಸಿಗೆಯಲ್ಲಿ ನಮಗದು ಬೆಳಗಿನ ಏಳೂವರೆ, ಗೋ ಟ್ರೇನು ಹಿಡಿಯುವ ಹೊತ್ತು. ಹಿಂದಿನ ರಾತ್ರಿ ಊಟವಾದ ಮೇಲೆಯೇ ಹಾಕಿಬಿಡಿ.