ಚಳಿಗಾಲದಲ್ಲಿ ಪುಟ್ಟ ಮಗುವಿಗೆ ಮನೆಯೇ ಸೆರೆಮನೆಯಾಗದಿರಲಿ

ಡಿಸೆಂಬರ್ ಬಂತೆಂದರೆ ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೆ ಉಣ್ಣೆಯ ಪುಟ್ಟ ಗಂಟುಗಳು ಸಾಲಾಗಿ ಕುಳಿತಿರುತ್ತವೆ. ಒಂದು ಗಂಟನ್ನು ಬಿಚ್ಚಿದರೆ ಸ್ವೆಟರ್, ಅದರೊಳಗೆ ಇನ್ನೊಂದು ಸ್ವೆಟರ್, ಅದರೊಳಗೆ ಫ್ಲಾನೆಲ್ ಅಂಗಿ, ಕೊನೆಗೆ ಬೆವೆತು ಒದ್ದೆಯಾದ ಮಗು. ಕಳೆದ ಚಳಿಗಾಲದಲ್ಲಿ ಹೀಗೆ ಬಂದದ್ದು ಇಪ್ಪತ್ತು ತಿಂಗಳ ಒಂದು ಗಂಡುಮಗು. ಜೊತೆಗೆ ತಾಯಿ ಮತ್ತು ಅಜ್ಜಿ. “ದೀಪಾವಳಿ ಆದಮೇಲೆ ಹೊಸಲು ದಾಟಿಸಿಲ್ಲ ಡಾಕ್ಟ್ರೇ, ಕಿಟಕಿ ಕೂಡ ತೆಗೆಯಲ್ಲ. ಆದರೂ ಇದು ಮೂರನೇ ಸಲ ನೆಗಡಿ” ಎಂದರು ಅಜ್ಜಿ. ತಾಯಿಯ ದೂರು ಬೇರೆ. ಮಗು ಹಗಲೆಲ್ಲ ಹಟ ಮಾಡುತ್ತದೆ, ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ, ಮೊಬೈಲ್ ತೋರಿಸದಿದ್ದರೆ ಒಂದು ತುತ್ತೂ ಇಳಿಯುವುದಿಲ್ಲ. ಮನೆ ಎರಡನೇ ಮಹಡಿಯಲ್ಲಿ. ಎರಡೇ ಕೋಣೆ, ಅಂಗಳವಿಲ್ಲ.

ಮಗುವಿನ ಎದೆ ಸ್ವಚ್ಛವಾಗಿತ್ತು. ಔಷಧಿ ಬರೆಯುವಂಥದ್ದು ಏನೂ ಇರಲಿಲ್ಲ. ದಿನಕ್ಕೊಮ್ಮೆಯಾದರೂ ಮಗುವನ್ನು ಹೊರಗೆ ಕರೆದೊಯ್ಯಿರಿ ಎಂದಷ್ಟೇ ಹೇಳಿದೆ. ಅಜ್ಜಿಗೆ ನನ್ನ ಎಂ.ಬಿ.ಬಿ.ಎಸ್. ಬಗ್ಗೆಯೇ ಅನುಮಾನ ಬಂದಂತೆ ಕಂಡಿತು. ಆಮೇಲೆ ಲಸಿಕೆಯ ಕಾರ್ಡು ಕೇಳಿದೆ. 16ರಿಂದ 24 ತಿಂಗಳೊಳಗೆ ಹಾಕಿಸಬೇಕಾದ ದಡಾರ-ರುಬೆಲ್ಲಾ ಎರಡನೇ ಲಸಿಕೆ ಆಗಿರಲಿಲ್ಲ. “ಚಳಿ ಕಳೀಲಿ ಅಂತ ಬಿಟ್ಟಿದ್ವಿ” ಎಂದರು ತಾಯಿ. ನನಗೆ ಆ ಮಾತು ಕೇಳಿ ನೆಗಡಿಗಿಂತ ಹೆಚ್ಚು ಚಿಂತೆಯಾಯಿತು. ದಡಾರದ ವೈರಸ್ಸು ರೋಗಿ ಎದ್ದುಹೋದ ಮೇಲೂ ಎರಡು ಗಂಟೆಗಳವರೆಗೆ ಆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಕಿಟಕಿ ಮುಚ್ಚಿದ ಮಾತ್ರಕ್ಕೆ ಅದರಿಂದ ರಕ್ಷಣೆ ಸಿಗುವುದಿಲ್ಲ.

ನೆಗಡಿ ತರುವುದು ವೈರಸ್ಸು. ಚಳಿಗೆ ಪಾತ್ರವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ತಂಪಾದ ಒಣಗಾಳಿ ಮೂಗಿನ ಒಳಪೊರೆಯ ರಕ್ಷಣೆಯನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ವೈರಸ್ಸು ಇಲ್ಲದೆ ಬರಿಯ ಚಳಿಯಿಂದ ನೆಗಡಿ ಬರುವುದಿಲ್ಲ. ಹೊಸಲು ದಾಟದ ಮಗುವಿಗೆ ವೈರಸ್ಸು ಎಲ್ಲಿಂದ ಬಂತು? ಬಸ್ಸಿನಲ್ಲಿ ಓಡಾಡುವ ತಂದೆ ತಂದಿರಬಹುದು, ಶಾಲೆಗೆ ಹೋಗುವ ಅಕ್ಕ ತಂದಿರಬಹುದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಐವರು ಮಲಗಿದರೆ ಒಬ್ಬರ ಸೀನು ಐವರಿಗೂ ಹಂಚಿಕೆಯಾಗುತ್ತದೆ. ಅದರ ಮೇಲೆ ಸ್ನಾನದ ನಂತರದ ಸಾಂಬ್ರಾಣಿ ಹೊಗೆ, ಸಂಜೆಯ ಸೊಳ್ಳೆಬತ್ತಿ. ಇವು ಎಳೆಯ ಶ್ವಾಸನಾಳವನ್ನು ಕೆರಳಿಸುತ್ತವೆ. ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೂ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರುವುದು ಸಾಮಾನ್ಯ ಎಂಬುದನ್ನೂ ತಿಳಿದಿರಿ.

ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ ಒಟ್ಟು 180 ನಿಮಿಷವಾದರೂ ಓಡಾಟ, ಹತ್ತುವುದು, ಇಳಿಯುವುದು, ಕುಣಿಯುವುದು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಅದೇ ಸೂಚನೆಯ ಪ್ರಕಾರ ಒಂದು ವರ್ಷದ ಮಗುವಿಗೆ ಟಿ.ವಿ., ಮೊಬೈಲ್ ಪರದೆ ಬೇಡವೇ ಬೇಡ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮೂರು ಗಂಟೆ ಎಂದೊಡನೆ ಗಾಬರಿಯಾಗಬೇಡಿ. ಒಂದೇ ಸಲಕ್ಕೆ ಆಗಬೇಕೆಂದಿಲ್ಲ, ಹತ್ತು ಹತ್ತು ನಿಮಿಷವಾಗಿ ದಿನವಿಡೀ ಕೂಡಿಬಂದರೆ ಸಾಕು. ಎರಡು ಕೋಣೆಯ ಮನೆಯಲ್ಲಿ ಅದು ಕಷ್ಟ. ಹೊಸ ಮುಖ, ಹೊಸ ಸದ್ದು, ಹೊಸ ಮೆಟ್ಟಿಲು ಕಂಡಾಗ ಮಗು ತಾನಾಗಿಯೇ ನಡೆಯುತ್ತದೆ, ಬೆರಳು ತೋರಿಸುತ್ತದೆ, ಹೆಸರು ಕೇಳುತ್ತದೆ. ಮಾತು ಕಲಿಯುವುದು ಹೀಗೆಯೇ. ನಿದ್ದೆಯ ತೊಂದರೆಯೂ ಮುಕ್ಕಾಲುಪಾಲು ಇದರಿಂದಲೇ ಸರಿಹೋಗುವುದನ್ನು ನಾನು ಕಂಡಿದ್ದೇನೆ.

ಎಲ್ಲಿಗೆ ಹೋಗುವುದು?

ಬೆಂಗಳೂರಿನ ಚಳಿ ನಾವು ಹೆದರುವಷ್ಟೇನೂ ಇಲ್ಲ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು, ಅದು ನಿಜವಾದ ಚಳಿ! ಈಗ ಜನವರಿಯಲ್ಲಿ ಬೆಳಗಿನ ಜಾವ ಸಾಮಾನ್ಯವಾಗಿ 15-16 ಡಿಗ್ರಿ, ಮಧ್ಯಾಹ್ನ 27ರ ಆಸುಪಾಸು. ಬಿಸಿಲಿರುವ ದಿನ ಹನ್ನೊಂದರಿಂದ ನಾಲ್ಕರವರೆಗೆ ಬೀದಿಯ ಕೊನೆಯ ಪಾರ್ಕಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಸೂರಿನಡಿಯ ಜಾಗ ಬೇಕಾಗುವುದು ಮೋಡ ಕವಿದು ಶೀತಗಾಳಿ ಬೀಸುವ, ಜಿಟಿಜಿಟಿ ಮಳೆ ಹಿಡಿಯುವ ದಿನಗಳಿಗೆ. ಅಂಥ ದಿನಗಳೂ ಇಲ್ಲಿ ಕಡಿಮೆಯಲ್ಲ.

ಯಾವುದೇ ಒಳಾಂಗಣಕ್ಕೆ ಹೋದರೂ ಮೊದಲು ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದು ನೋಡಿ. ಮುಗ್ಗಲು ವಾಸನೆ, ಉಬ್ಬಸ ಬರಿಸುವ ಬಿಸಿ ಇದ್ದರೆ ಅಲ್ಲಿಂದಲೇ ಹಿಂದಿರುಗಿ. ಎತ್ತರದ ಚಾವಣಿ, ತೆರೆದ ಕಿಟಕಿ, ಒಬ್ಬರಿಗೊಬ್ಬರು ತಾಗದಷ್ಟು ಜಾಗ ಇದ್ದರೆ ಒಳಗೆ ಹೋಗಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ.

ಈ ಪರೀಕ್ಷೆಯಲ್ಲಿ ಮೊದಲ ಸ್ಥಾನ ಸಾರ್ವಜನಿಕ ಗ್ರಂಥಾಲಯಕ್ಕೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಅಂದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯ, ಎಲ್ಲರಿಗೂ ಗೊತ್ತು. ಆದರೆ ನಿಮ್ಮ ಬಡಾವಣೆಯಲ್ಲೇ ಒಂದು ಶಾಖಾ ಗ್ರಂಥಾಲಯ ಇರಬಹುದು, ಅದನ್ನು ಮೊದಲು ಹುಡುಕಿ. ಕುಳಿತು ಓದಲು ಕಾಸು ಕೊಡಬೇಕಿಲ್ಲ, ಪುಸ್ತಕವನ್ನು ಮನೆಗೆ ಒಯ್ಯಲು ಮಾತ್ರ ಸದಸ್ಯತ್ವ ಬೇಕು. ಸಾಮಾನ್ಯವಾಗಿ ಸೋಮವಾರ ರಜೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. “ಮಗು ಗಲಾಟೆ ಮಾಡಿದರೆ?” ಎಂದು ತಾಯಂದಿರು ಕೇಳುತ್ತಾರೆ. ಮಾಡುತ್ತದೆ. ದಿನಪತ್ರಿಕೆ ಓದುವ ಹಿರಿಯರು ಬರುವ ಬೆಳಗಿನ ಹೊತ್ತು ಬಿಟ್ಟು, ಮೇಜುಗಳು ಖಾಲಿಯಿರುವ ಹೊತ್ತು ಹೋಗಿ. ಆನೆಯ ಚಿತ್ರವಿರುವ ಒಂದೇ ಪುಸ್ತಕವನ್ನು ಹತ್ತು ಸಲ ತಿರುವಿಹಾಕಿದರೂ ಸರಿಯೇ. ಪುಸ್ತಕ ಬಾಯಿಗೆ ಹೋಗದಂತೆ ನೋಡಿಕೊಂಡು, ಇಪ್ಪತ್ತು ನಿಮಿಷ ಕಳೆದರೆ ನೀವು ಗೆದ್ದಿರಿ.

ದೇವಸ್ಥಾನವನ್ನು ನಾನು ಭಕ್ತಿಯ ಲೆಕ್ಕದಲ್ಲಿ ಮಾತ್ರ ಹೇಳುತ್ತಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ನಿಂತ ಎರಡು ವರ್ಷದ ಮಗುವಿನ ಮುಖವನ್ನು ನೀವೊಮ್ಮೆ ನೋಡಬೇಕು. ಒಂದೇ ಕಲ್ಲಿನ, ಹದಿನೈದು ಅಡಿಯಷ್ಟು ಎತ್ತರದ “ಅಂಬಾ” ಅದು. ಪ್ರದಕ್ಷಿಣೆ ಎಂದರೆ ಮಗುವಿಗೆ ನಡೆಯಲು ಒಂದು ನೆಪ. ಬರಿಗಾಲಿಗೆ ಕಲ್ಲಿನ ತಣ್ಣಗೆ ತಾಗಿ ನೆಗಡಿ ಬರುವುದಿಲ್ಲ. ಕಾಲುಚೀಲ ಹಾಕಿ ನಡೆಸಿದರೆ ನುಣುಪು ಕಲ್ಲಿನ ಮೇಲೆ ಜಾರಿ ಬೀಳುವ ಅಪಾಯವೇ ಹೆಚ್ಚು. ವಿಶೇಷ ಪೂಜೆಯ ದಿನ, ನೂಕುನುಗ್ಗಲಿನ ದಿನ ಮಾತ್ರ ಬೇಡ. ಲಾಲ್‌ಬಾಗಿನ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೂ ಇದೇ ಮಾತು. ಆ ಜನಜಂಗುಳಿಯಲ್ಲಿ ಮಗುವಿಗೆ ಕಾಣುವುದು ದೊಡ್ಡವರ ಮೊಣಕಾಲು ಮಾತ್ರ.

ನಮ್ಮ ಮೆಟ್ರೊ ಪೂರ್ತಿ ಉಚಿತವಲ್ಲ, ದೊಡ್ಡವರು ಟಿಕೆಟ್ ತೆಗೆಯಬೇಕು. ಆದರೆ ಮೂರು ಅಡಿಗಿಂತ ಕಡಿಮೆ ಎತ್ತರದ ಮಗುವಿಗೆ ಟಿಕೆಟ್ಟಿಲ್ಲ. ಸರಿಯಾಗಿ ಬೆಳೆಯುತ್ತಿರುವ ಮಗು ಸುಮಾರು ಎರಡೂವರೆ ವರ್ಷದ ಹೊತ್ತಿಗೆ ಮೂರು ಅಡಿ ಮುಟ್ಟುತ್ತದೆ, ಅಷ್ಟರೊಳಗೆ ಈ ಸವಲತ್ತು ಬಳಸಿಕೊಳ್ಳಿ! ಮಧ್ಯಾಹ್ನ ಜನ ಕಡಿಮೆ. ರೈಲು ನೆಲದಡಿಯಿಂದ ಮೇಲೆ ಬಂದು ಬೆಳಕು ಕಂಡಾಗ ಮಕ್ಕಳು ಕೇಕೆ ಹಾಕುತ್ತಾರೆ. ಎರಡು ಮೂರು ನಿಲ್ದಾಣ ಹೋಗಿ ಮರಳಿದರೆ ಸಾಕು. ಆಫೀಸು ಬಿಡುವ ಹೊತ್ತಿನಲ್ಲಿ ಹೋಗಬೇಡಿ.

ಎಸ್ಕಲೇಟರ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ಮಗಳಿಗೆ ಎರಡು ವರ್ಷವಿದ್ದಾಗ ಒಂದು ಶಾಪಿಂಗ್ ಮಾಲಿಗೆ ಕರೆದೊಯ್ದಿದ್ದೆ. ಡಾಕ್ಟರಾದ ನಾನೇ ಅವಳ ಕೈ ಹಿಡಿದು ನಿಂತಿದ್ದೆ. ಮೆದು ರಬ್ಬರಿನ ಚಪ್ಪಲಿಯ ಅಂಚು ಮೆಟ್ಟಿಲಿಗೂ ಪಕ್ಕದ ತಗಡಿಗೂ ನಡುವೆ ಸಿಕ್ಕಿಕೊಂಡಿತು. ಕಾವಲುಗಾರ ಓಡಿಬಂದು ಕೆಂಪು ಗುಂಡಿ ಒತ್ತಿದ. ಚಪ್ಪಲಿ ಹರಿಯಿತು, ಬೆರಳು ಉಳಿಯಿತು. ಪುಟ್ಟ ಮಗುವಿದ್ದರೆ ಲಿಫ್ಟ್ ಬಳಸಿ, ಇಲ್ಲವೇ ಎತ್ತಿಕೊಳ್ಳಿ. ಮಾಲುಗಳಿಗೆ ಪ್ರವೇಶ ಉಚಿತವೇನೋ ಹೌದು, ಆದರೆ ಹೊರಬರುವಾಗ ಕೈಯಲ್ಲೊಂದು ಆಟಿಕೆ, ಬಾಯಲ್ಲೊಂದು ಚಾಕೊಲೇಟ್ ಇರುತ್ತದೆ. ಭಾನುವಾರದ ಸಂಜೆ ಅಲ್ಲಿನ ಗದ್ದಲ ಮತ್ತು ಗಾಳಿ ಎರಡೂ ಮಗುವಿಗೆ ಒಳ್ಳೆಯದಲ್ಲ. ಬೇರೆ ದಿನಗಳ ಬೆಳಗ್ಗೆ ಪರವಾಗಿಲ್ಲ.

ಹತ್ತಿರದ ಅಂಗನವಾಡಿಯನ್ನು ಮರೆಯಬೇಡಿ. ಅದು ಬಡವರಿಗೆ ಮಾತ್ರ ಎಂಬ ಭಾವನೆ ನಗರದ ಮಧ್ಯಮ ವರ್ಗದವರಲ್ಲಿದೆ. ಅಲ್ಲಿ ಮಗುವಿನ ತೂಕ ನೋಡಿ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸುತ್ತಾರೆ, ಬೇರೆ ಮಕ್ಕಳ ಒಡನಾಟವೂ ಆಗುತ್ತದೆ. ಇನ್ನು ಲಸಿಕೆ ಬಾಕಿಯಿದ್ದರೆ ಮೊದಲ ತಿರುಗಾಟ ಸರ್ಕಾರಿ ಆರೋಗ್ಯ ಕೇಂದ್ರಕ್ಕೇ ಆಗಲಿ. ರಾಷ್ಟ್ರೀಯ ಕಾರ್ಯಕ್ರಮದ ಲಸಿಕೆಗಳು ಅಲ್ಲಿ ಉಚಿತ. ಸಾಧಾರಣ ನೆಗಡಿ ಇದ್ದರೂ ಲಸಿಕೆ ಹಾಕಿಸಬಹುದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಏನೂ ಇಲ್ಲದಿದ್ದರೆ ಪಕ್ಕದ ಬೀದಿಯ ಚಿಕ್ಕಮ್ಮನ ಮನೆ ಇದೆಯಲ್ಲ! ಅಲ್ಲಿನ ಪಾತ್ರೆ, ಅಲ್ಲಿನ ಮೆಟ್ಟಿಲು, ಅಲ್ಲಿನ ಬೆಕ್ಕು ಎಲ್ಲವೂ ಮಗುವಿಗೆ ಹೊಸದು. ಅವರ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯೇ ಎಂದು ಕೇಳಿಕೊಂಡು ಹೋಗಿ. ಕೇಳಲು ಸಂಕೋಚ ಬೇಡ, ನಿಮ್ಮ ಮನೆಯಲ್ಲಿದ್ದರೆ ಹೇಳಲೂ ಸಂಕೋಚ ಬೇಡ.

ಬಟ್ಟೆ, ತಿಂಡಿ

ನೀವು ತೊಟ್ಟಿರುವುದಕ್ಕಿಂತ ಒಂದು ಪದರ ಹೆಚ್ಚು ಬಟ್ಟೆ ಮಗುವಿಗೆ ಸಾಕು. ಒಳಗೆ ಹತ್ತಿಯ ಅಂಗಿ, ಮೇಲೊಂದು ಮುಂಭಾಗದಲ್ಲಿ ಗುಂಡಿಯಿರುವ ಸ್ವೆಟರ್. ಕಟ್ಟಡದೊಳಗೆ ಹೋದೊಡನೆ ಟೊಪ್ಪಿ, ಸ್ವೆಟರ್ ತೆಗೆಯಿರಿ. ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಬಟ್ಟೆ ಹೆಚ್ಚಾಯಿತೆಂದು ಅರ್ಥ. ಕೈಕಾಲು ತುಸು ತಣ್ಣಗಿದ್ದರೆ ಗಾಬರಿ ಬೇಡ.

ತಿಂಡಿಗೆ ಬಾಳೆಹಣ್ಣು, ಇಡ್ಲಿಯ ಚೂರು ಒಯ್ಯಿರಿ. ಕಾರ್ತಿಕದ ಕೊನೆಯ ಸೋಮವಾರ ಪರಿಷೆ ಮುಗಿಯುವ ಹೊತ್ತಿಗೆ ಬೆಂಗಳೂರಿನ ಮನೆಮನೆಯಲ್ಲೂ ಕಡಲೆಕಾಯಿ. ನಾಲ್ಕು ವರ್ಷದೊಳಗಿನ ಮಗುವಿನ ಕೈಗೆ ಇಡಿಯ ಕಡಲೆಬೀಜ ಕೊಡಲೇಬೇಡಿ. ದವಡೆ ಹಲ್ಲು ಸರಿಯಾಗಿ ಬಾರದ ಮಗು ನಗುತ್ತಲೋ ಓಡುತ್ತಲೋ ತಿಂದರೆ ಬೀಜ ಶ್ವಾಸನಾಳಕ್ಕೆ ಜಾರುತ್ತದೆ. ಆಮೇಲೆ ಅರಿವಳಿಕೆ ಕೊಟ್ಟು ಕೊಳವೆಯಿಳಿಸಿ ತೆಗೆಯಬೇಕಾಗುತ್ತದೆ. ತಿನ್ನುವಾಗ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿ, ಬಳಿಕ ಸುಮ್ಮನಾದರೂ ಉಸಿರಿನಲ್ಲಿ ಸೀಟಿಯಂಥ ಸದ್ದು ಉಳಿದರೆ ನೆಗಡಿ ಎಂದುಕೊಳ್ಳದೆ ಆಸ್ಪತ್ರೆಗೆ ಹೋಗಿ.

ಮಗುವಿಗೆ ಜ್ವರವಿದ್ದಾಗ, ವಾಂತಿ ಭೇದಿ ಇದ್ದಾಗ ತಿರುಗಾಟ ಬೇಡ. ಅವಧಿಗೆ ಮುನ್ನ ಹುಟ್ಟಿದ, ಹೃದಯದ ತೊಂದರೆಯಿರುವ, ಪದೇ ಪದೇ ಉಬ್ಬಸ ಬರುವ ಮಕ್ಕಳ ವಿಷಯದಲ್ಲಿ ನಿಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಮನೆಗೆ ಬಂದೊಡನೆ ನಿಮ್ಮ ಕೈ, ಮಗುವಿನ ಕೈ ಎರಡನ್ನೂ ಸೋಪಿನಿಂದ ತೊಳೆಯಿರಿ.

ಅಷ್ಟಾಗಿಯೂ ನೆಗಡಿ ಬಂದೀತು. ಬಂದರೆ ಅಂಗಡಿಯಿಂದ ಕೆಮ್ಮಿನ ಸಿರಪ್ ತರಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಕೊಡಕೂಡದೆಂದೂ, ಐದು ವರ್ಷದವರೆಗೆ ಸಾಮಾನ್ಯವಾಗಿ ಅದು ಬೇಡವೆಂದೂ ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರಿನಲ್ಲಿ ಸೂಚನೆ ನೀಡಿತು. ಒಂದು ವರ್ಷ ದಾಟಿದ ಮಗುವಿಗೆ ಅರ್ಧ ಚಮಚ ಜೇನು ಕೊಡಬಹುದು, ಅದಕ್ಕಿಂತ ಚಿಕ್ಕದಕ್ಕೆ ಜೇನೂ ಬೇಡ. ಮಗು ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಒಂದರಿಂದ ಐದು ವರ್ಷದ ಮಗುವಿನಲ್ಲಿ ಅದು 40 ಅಥವಾ ಹೆಚ್ಚಿದ್ದರೆ, ಎರಡು ತಿಂಗಳಿಂದ ಒಂದು ವರ್ಷದೊಳಗಿನದರಲ್ಲಿ 50 ಅಥವಾ ಹೆಚ್ಚಿದ್ದರೆ, ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ, ಮಗು ಹಾಲು ನೀರು ಮುಟ್ಟದೆ ಮಂಕಾಗಿ ಬಿದ್ದಿದ್ದರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಹೊರಡಿ.